ಮನೆ ತೆರಿಗೆಗೆ ಮ್ಯಾಪ್ ಜೋಡಿಸುವುದು ಹೇಗೆ? ಕರಾವಳಿಯ ಊರುಗಳಿಗೊಂದು ಪೂರ್ತಿ ಜಿಐಎಸ್ ಮಾರ್ಗದರ್ಶಿ

ಉಡುಪಿ ಕಡೆಯ ಒಂದು ಊರು. ಮುಂದಿನಿಂದ ನೋಡಿದರೆ ಹಳೇ ಹಂಚಿನ ಮನೆ. ಅಂಗಳದಲ್ಲಿ ತುಳಸಿಕಟ್ಟೆ, ಸುತ್ತ ಕೆಂಪುಕಲ್ಲಿನ ಪಾಗಾರ. ಹಿಂದೆ ಹೋದರೆ ಬೇರೆಯೇ ಕಥೆ. ಆರ್‌ಸಿಸಿಯ ಆರು ಕೋಣೆ, ಬಾಗಿಲ ಮುಂದೆ ಕಾಲೇಜು ಹುಡುಗರ ಶೂಗಳು, ಗೋಡೆಯ ಮೇಲೆ ಸಾಲಾಗಿ ನಾಲ್ಕು ಕರೆಂಟ್ ಮೀಟರ್. ತೆರಿಗೆ ಪುಸ್ತಕದಲ್ಲಿ ಮಾತ್ರ ಒಂದೇ ಸಾಲು: ಹಂಚಿನ ವಾಸದ ಮನೆ. ಯಜಮಾನರನ್ನು ಕೇಳಿದರೆ ಅವರಿಗೆ ಮುಜುಗರವೂ ಇಲ್ಲ. "ನಾನು ಮುಚ್ಚಿಟ್ಟದ್ದಲ್ಲ ಮಾರಾಯ್ರೇ, ಇಷ್ಟು ವರ್ಷ ಯಾರೂ ಕೇಳಲೇ ಇಲ್ಲ" ಅಂದರು.

ಅವರು ಹೇಳಿದ್ದು ನಿಜ. ತೆರಿಗೆ ಬಾಕಿ ಅಂದಕೂಡಲೇ ನಮಗೆ ಕಳ್ಳರು ನೆನಪಾಗುತ್ತಾರೆ. ಆದರೆ ವಾರ್ಡ್ ವಾರ್ಡ್ ಸುತ್ತಿದ ಮೇಲೆ ನನಗೆ ಅನಿಸಿದ್ದು ಬೇರೆ. ಬಿಲ್ಲೇ ತಲುಪದ ಮನೆ, ಪುಸ್ತಕಕ್ಕೆ ಹತ್ತದ ಮಹಡಿ, ತೀರಿಹೋದ ಅಜ್ಜಿಯ ಹೆಸರಲ್ಲೇ ಉಳಿದ ಖಾತೆ, ಇವೇ ಜಾಸ್ತಿ. ಹಾಗಾಗಿ ಈ ಕೆಲಸವನ್ನು ಡ್ರೋನಿನಿಂದ ಶುರುಮಾಡಬೇಡಿ, ಪುಸ್ತಕದಿಂದ ಶುರುಮಾಡಿ. ಕೆಳಗೆ ಬರೆದದ್ದೆಲ್ಲ ಈ ಒಂದು ಮಾತಿನ ಸುತ್ತವೇ ಉಂಟು.

ಇದನ್ನು ಬರೆಯುತ್ತಿರುವುದು ಪಟ್ಟಣ ಪಂಚಾಯಿತಿ, ಪುರಸಭೆ, ದೊಡ್ಡ ಗ್ರಾಮ ಪಂಚಾಯಿತಿಗಳಲ್ಲಿ ಕೆಲಸ ಮಾಡುವವರಿಗೆ, ಅವರಿಗೆ ಸಹಾಯ ಮಾಡಲು ಹೊರಟ ಹುಡುಗ ಹುಡುಗಿಯರಿಗೆ. 60 ವಾರ್ಡಿನ ಮಂಗಳೂರು ಪಾಲಿಕೆಯಾಗಲಿ, 35 ವಾರ್ಡಿನ ಉಡುಪಿ ನಗರಸಭೆಯಾಗಲಿ, ದಾರಿ ಇದೇ. ಒಂದು ವಾರ್ಡ್ ಹಿಡಿದು ಪೂರ್ತಿ ಮುಗಿಸಿ, ಆಮೇಲೆ ಮುಂದಿನದು. ಎಲ್ಲ ವಾರ್ಡನ್ನೂ ಒಟ್ಟಿಗೆ ಶುರುಮಾಡಿದರೆ ಯಾವುದೂ ಮುಗಿಯುವುದಿಲ್ಲ.

ಮೊದಲು ಏನೇನು ಬೇಕು

ಜಿಐಎಸ್ ಅಂದರೆ ದೊಡ್ಡ ಮಂತ್ರ ಏನಲ್ಲ. ಮ್ಯಾಪಿನಲ್ಲಿ ಒಂದು ಕಟ್ಟಡ, ಪುಸ್ತಕದಲ್ಲಿ ಒಂದು ಸಾಲು, ಎರಡನ್ನೂ ಕಟ್ಟಿಹಾಕುವ ಒಂದು ನಂಬರ್. ಅಷ್ಟೇ.

ಸಾಫ್ಟ್‌ವೇರಿಗೆ ದುಡ್ಡು ಬೇಡ. ಕಂಪ್ಯೂಟರಿಗೆ ಕ್ಯೂಜಿಐಎಸ್, ಫೋನಿಗೆ ಕ್ಯೂಫೀಲ್ಡ್, ಎರಡೂ ಉಚಿತ. ಸಾಧಾರಣ ಲ್ಯಾಪ್‌ಟಾಪ್ ಸಾಕು. ಜೊತೆಗೆ ನಿಮ್ಮ ಡಿಸಿಬಿ ಬೇಕು, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಪಟ್ಟಣದಲ್ಲಾದರೆ ಕೆಎಂಎಫ್-24 ಅನ್ನುವ ಆಸ್ತಿ ತೆರಿಗೆ ವಹಿ ಮತ್ತು ಇ-ಆಸ್ತಿಯ (ಪಟ್ಟಣದ ಆಸ್ತಿಗಳ ಕಂಪ್ಯೂಟರ್ ದಾಖಲೆ) ದಾಖಲೆ, ಪಂಚಾಯಿತಿಯಲ್ಲಾದರೆ ಅಲ್ಲಿಯ ಆಸ್ತಿ, ತೆರಿಗೆ ಲೆಕ್ಕದ ತಂತ್ರಾಂಶಗಳಾದ ಇ-ಸ್ವತ್ತು ಮತ್ತು ಪಂಚತಂತ್ರದ ಪಟ್ಟಿ. ನಮ್ಮ ಕಡೆಯ ಕರೆಂಟ್ ಕಂಪನಿ ಮೆಸ್ಕಾಂನಿಂದ ಆರ್‌ಆರ್ ನಂಬರಿನ, ಅಂದರೆ ಕರೆಂಟ್ ಕನೆಕ್ಷನ್ ನಂಬರಿನ ಪಟ್ಟಿ, ನಿಮ್ಮದೇ ಕಚೇರಿಯ ನೀರಿನ ಕನೆಕ್ಷನ್ ಮತ್ತು ಟ್ರೇಡ್ ಲೈಸೆನ್ಸ್ ಪಟ್ಟಿ. ಮೆಸ್ಕಾಂಗೆ ಬಾಯಿಮಾತಿನಲ್ಲಿ ಕೇಳಿದರೆ ಆಗುವುದಿಲ್ಲ, ಮುಖ್ಯಾಧಿಕಾರಿಯ ಸಹಿ ಇರುವ ಪತ್ರ ಬೇಕು. ಅದನ್ನು ಮೊದಲನೇ ದಿನವೇ ಕಳಿಸಿಬಿಡಿ, ಉತ್ತರ ಬರುವಾಗ ನಿಮ್ಮ ಅರ್ಧ ಕೆಲಸ ಆಗಿರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಊರಿನ ಹಳೇ ಬಿಲ್ ಕಲೆಕ್ಟರ್ ಬೇಕು. ನಿವೃತ್ತರಾಗಿದ್ದರೂ ಕರೆಸಿ, ಚಾ ಕುಡಿಸಿ, ಕೂರಿಸಿಕೊಳ್ಳಿ. "ದೈವಸ್ಥಾನದ ಹಿಂದಿನ ಮೂರನೇ ಮನೆ, ಮಗ ಮಸ್ಕತ್‌ನಲ್ಲಿ, ಬೀಗದ ಕೀ ತಂಗಿಯ ಹತ್ತಿರ" ಅನ್ನುವ ಮಾಹಿತಿ ಯಾವ ಉಪಗ್ರಹದಲ್ಲೂ ಸಿಗುವುದಿಲ್ಲ.

1. ಪುಸ್ತಕ ತೊಳೆಯುವುದು

ಬೋರಿಂಗ್ ಕೆಲಸ ಇದೇ, ಮುಖ್ಯ ಕೆಲಸವೂ ಇದೇ.

ಡಿಸಿಬಿಯನ್ನು ಎಕ್ಸೆಲ್‌ನಲ್ಲಿ ತೆರೆಯುತ್ತೀರಿ. ಸುಮ್ನೆ ಡಬಲ್ ಕ್ಲಿಕ್ ಮಾಡಿದರೆ ಅಲ್ಲೇ ಎಡವಟ್ಟು. ನಮ್ಮ ಕಡೆ ಡೋರ್ ನಂಬರ್ 4-12, 7-3 ಹೀಗೆ ಇರುತ್ತದೆ ಅಲ್ವಾ? ಎಕ್ಸೆಲ್ ಅದನ್ನು ತಾರೀಕು ಅಂದುಕೊಳ್ಳುತ್ತದೆ. 4-12 ಹೋಗಿ ಡಿಸೆಂಬರ್ 4 ಆಗಿಬಿಡುತ್ತದೆ. 4-112 ಮಾತ್ರ ಹಾಗೇ ಉಳಿಯುತ್ತದೆ, ಯಾಕೆಂದರೆ 112ನೇ ತಿಂಗಳು ಇಲ್ಲ. ಹಾಗಾಗಿ ಪಟ್ಟಿಯ ಅರ್ಧ ಸರಿ, ಅರ್ಧ ತಪ್ಪು, ತಪ್ಪು ಎಲ್ಲಿದೆ ಅಂತ ಕಣ್ಣಿಗೆ ಬೀಳುವುದೂ ಇಲ್ಲ. ನಾನು ಒಂದು ಸಲ ಒಂದು ಇಡೀ ವಾರ್ಡನ್ನು ಹೀಗೆ ಹಾಳುಮಾಡಿ, ಸೇವ್ ಬೇರೆ ಮಾಡಿ, ಮತ್ತೆ ಕಚೇರಿಗೆ ಹೋಗಿ ಫೈಲ್ ಬೇಡಿದ್ದೇನೆ. ಡೇಟಾ ಮೆನುವಿನಿಂದ ಫೈಲನ್ನು ಒಳಗೆ ತನ್ನಿ, ಆಗ ಕಾಲಮ್ಮಿನ ಬಗೆ ಕೇಳುತ್ತದೆ, ನಂಬರಿನ ಕಾಲಮ್ ಎಲ್ಲಕ್ಕೂ ಟೆಕ್ಸ್ಟ್ ಅಂತ ಕೊಡಿ. ಮುಂದಿರುವ ಸೊನ್ನೆಗಳೂ ಇದರಿಂದಲೇ ಉಳಿಯುತ್ತವೆ. ಮೂಲ ಫೈಲನ್ನು ಮುಟ್ಟದೆ ಒಂದು ಕಡೆ ಇಟ್ಟಿರಿ.

ಎರಡನೇ ಎಡವಟ್ಟು ಕನ್ನಡದ್ದು. ಹಳೇ ಫೈಲುಗಳು ನುಡಿ ಅಥವಾ ಬರಹದ ಹಳೇ ಫಾಂಟಿನಲ್ಲಿ ಇರುತ್ತವೆ. ಕ್ಯೂಜಿಐಎಸ್‌ನಲ್ಲಿ ತೆರೆದರೆ ಹೆಸರೆಲ್ಲ ಗಿಜಿಬಿಜಿ ಅಕ್ಷರ. ಮೊದಲು ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡಿ. ಅರ್ಕಾವತ್ತು, ಒತ್ತಕ್ಷರ ಕೆಲವು ಕಡೆ ತಪ್ಪುತ್ತವೆ, ಕಣ್ಣಾಡಿಸಿ.

ಆಮೇಲೆ ಒಂದೇ ನಂಬರ್ ಎರಡು ಸಾಲಿಗೆ ಬಂದಿದೆಯಾ ನೋಡಿ. ಬಂದೇ ಇರುತ್ತದೆ. ಗ್ರಾಮ ಪಂಚಾಯಿತಿ ಪಟ್ಟಣಕ್ಕೆ ಸೇರಿದ ಕಡೆ ಹಳೇ ಪಂಚಾಯಿತಿ ನಂಬರೂ ಹೊಸ ನಂಬರೂ ಎರಡೂ ಓಡುತ್ತಿರುತ್ತವೆ. ಯಾವುದನ್ನೂ ಅಳಿಸಬೇಡಿ. ಹಳೇ ನಂಬರಿಗೆ ಬೇರೆ ಕಾಲಮ್ ಮಾಡಿ.

ಹೆಸರು ನೋಡಿ ಹೊಂದಿಸುವ ಆಸೆ ಬಿಟ್ಟುಬಿಡಿ. ಡಿಸೋಜ, ಡಿಸೋಜಾ, ಡಿ ಸೋಜ ಮೂರೂ ಒಬ್ಬರೇ ಇರಬಹುದು, ಒಂದೇ ಹೆಸರಿನ ಮೂರು ಶೆಟ್ರು ಒಂದೇ ಓಣಿಯಲ್ಲಿ ಇರಬಹುದು. ಸರ್ವೆ ನಂಬರೂ ಕೊಂಡಿಯಾಗಿ ನಿಲ್ಲುವುದಿಲ್ಲ. ಪೋಡಿ ಆಗದ, ಅಂದರೆ ಅಳೆದು ಪಾಲು ಪಾಲಿಗೆ ಬೇರೆ ನಂಬರ್ ಕೊಡದ ಜಾಗದಲ್ಲಿ 'ಪೈಕಿ' ಅಂತ ಒಂದೇ ನಂಬರಿನ ಮೇಲೆ ಎಷ್ಟೋ ಮನೆಗಳು ಕೂತಿರುತ್ತವೆ. ಹಾಗಾದರೆ ಯಾವ ನಂಬರ್? ಪಟ್ಟಣದಲ್ಲಿ ಪಿಐಡಿ (ಆಸ್ತಿಯ ಗುರುತಿನ ನಂಬರ್), ಪಂಚಾಯಿತಿಯಲ್ಲಿ ಇ-ಸ್ವತ್ತಿನ ಆಸ್ತಿ ನಂಬರ್. ಮಂಗಳೂರಿನಲ್ಲಿ ಯುಪಿಒಆರ್ (ನಗರ ಆಸ್ತಿ ಮಾಲೀಕತ್ವ ದಾಖಲೆ) ಯೋಜನೆಯ ಪ್ರಾಪರ್ಟಿ ಕಾರ್ಡ್ ಆಗಿರುವ ಆಸ್ತಿಯಾದರೆ ಆ ನಂಬರನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

2. ಬೇಸ್ ಮ್ಯಾಪ್

ಕ್ಯೂಜಿಐಎಸ್‌ನಲ್ಲಿ ಹೊಸ ಪ್ರಾಜೆಕ್ಟ್ ತೆರೆದು ಮೊದಲು ಕೋಆರ್ಡಿನೇಟ್ ಸಿಸ್ಟಮ್ ಹಾಕಿ: ಯುಟಿಎಂ ವಲಯ 43 ಉತ್ತರ, ಇಪಿಎಸ್‌ಜಿ 32643. ಮಂಗಳೂರು, ಉಡುಪಿ ಎರಡೂ 75 ಡಿಗ್ರಿ ರೇಖಾಂಶದ ಹತ್ತಿರ ಇವೆ, ಈ ವಲಯದ ನಡುಗೆರೆಯೇ ಅದು. ಹಾಗಾಗಿ ಅಳತೆ ಚೆನ್ನಾಗಿ ಬರುತ್ತದೆ. ಫೋನಿನ ಮಾಮೂಲಿ 4326ರಲ್ಲೇ (ಅಕ್ಷಾಂಶ-ರೇಖಾಂಶದ ಡಿಗ್ರಿ ಲೆಕ್ಕ) ಲೇಯರ್, ಅಂದರೆ ಮ್ಯಾಪಿನ ಒಂದು ಪದರ, ಮಾಡಿ ವಿಸ್ತೀರ್ಣ ಲೆಕ್ಕ ಹಾಕಲು ಹೋದರೆ ಕೆಲವೊಮ್ಮೆ ಚದರ ಡಿಗ್ರಿಯಲ್ಲಿ ಉತ್ತರ ಬಂದು, ಮನೆ 0.00000001 ಅಂತ ತೋರಿಸುತ್ತದೆ.

ಫೈಲುಗಳನ್ನು ಶೇಪ್‌ಫೈಲ್ ಮಾಡಬೇಡಿ. ಕಾಲಮ್ ಹೆಸರು 10 ಅಕ್ಷರಕ್ಕೇ ಕತ್ತರಿಸಿ ಹೋಗುತ್ತದೆ, ಕನ್ನಡ ಕೆಡುವುದೂ ಉಂಟು. ಜಿಯೋಪ್ಯಾಕೇಜ್ ಅಂತ ಸೇವ್ ಮಾಡಿ, ಎಲ್ಲ ಲೇಯರ್ ಒಂದೇ ಫೈಲಿನಲ್ಲಿ ಇರುತ್ತವೆ.

ವಾರ್ಡ್ ಗಡಿ, ಸರ್ವೆ ನಂಬರಿನ ಗೆರೆಗಳಿಗೆ ಕೆ-ಜಿಐಎಸ್ ನೋಡಿ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ್ದು ಅದು. ನಿಂತ ಜಾಗದ ಸರ್ವೆ ನಂಬರ್ ಹೇಳುವ ದಿಶಾಂಕ್ ಆ್ಯಪ್ ನಿಮಗೆ ಗೊತ್ತೇ ಇರುತ್ತದೆ. ಹಿನ್ನೆಲೆಗೆ ಉಪಗ್ರಹ ಚಿತ್ರ, ಇಸ್ರೋದ ಭುವನ್ ಆಗಬಹುದು, ಬೇರೆ ಆಗಬಹುದು.

ಸರ್ವೆ ಗೆರೆ ಮತ್ತು ಚಿತ್ರ ಸರಿಯಾಗಿ ಕೂರುವುದಿಲ್ಲ. ಕೆಲವು ಕಡೆ ಗೆರೆ ಹೋಗಿ ಪಕ್ಕದ ಮನೆಯ ಬಾವಿಯ ಮೇಲೆ ಬಿದ್ದಿರುತ್ತದೆ. ಹೆದರಬೇಡಿ, ನೀವೇ ಎಳೆದು ಸರಿಮಾಡಲೂ ಹೋಗಬೇಡಿ. ನಿಮಗೆ ಬೇಕಾದದ್ದು ಕಟ್ಟಡ, ಗಡಿಯಲ್ಲ. ಇದನ್ನು ಕಚೇರಿಯ ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ: ಈ ಮ್ಯಾಪ್ ತೆರಿಗೆಗೆ ಮಾತ್ರ, ಹಕ್ಕಿಗಲ್ಲ. ಇಲ್ಲದಿದ್ದರೆ ಎರಡನೇ ವಾರದಿಂದ ಪಾಗಾರದ ಜಗಳಗಳೆಲ್ಲ ನಿಮ್ಮ ಟೇಬಲ್ಲಿಗೆ ಬರುತ್ತವೆ.

3. ಮಾಡು (ಮನೆಯ ಚಾವಣಿ) ಗುರುತಿಸುವುದು

ಈಗ ಚಿತ್ರದ ಮೇಲೆ ಒಂದೊಂದೇ ಕಟ್ಟಡದ ಸುತ್ತ ಗೆರೆ ಎಳೆಯುವುದು. ಗೂಗಲ್‌ನ ಓಪನ್ ಬಿಲ್ಡಿಂಗ್ಸ್, ಓಪನ್‌ಸ್ಟ್ರೀಟ್‌ಮ್ಯಾಪ್ ಇಂಥ ಕಡೆ ರೆಡಿ ಗೆರೆಗಳು ಸಿಗುತ್ತವೆ. ಬಯಲುಸೀಮೆಯ ಊರಿಗೆ ಅವು ಬಹಳ ಉಪಕಾರ. ನಮ್ಮಲ್ಲಿ? ಅರ್ಧ ಮನೆ ತೆಂಗಿನ ಗರಿಯ ಕೆಳಗೆ, ಇನ್ನರ್ಧ ಹಲಸಿನ ಮರದ ಕೆಳಗೆ. ಪಾಚಿ ಹಿಡಿದ ಹಂಚು ಮಳೆಗಾಲದ ಚಿತ್ರದಲ್ಲಿ ತೋಟದ ಬಣ್ಣವೇ. ರೆಡಿ ಗೆರೆ ತಂದುಕೊಳ್ಳಿ, ಆದರೆ ಅದನ್ನೇ ನಂಬಿ ಮನೆ ಎಣಿಸಬೇಡಿ. ಬೇಸಿಗೆಯಲ್ಲಿ ತೆಗೆದ ಚಿತ್ರ ಹುಡುಕಿ, ಬೇರೆ ಬೇರೆ ವರ್ಷದ್ದು ಎರಡು ಮೂರು ನೋಡಿ. ಅಂಗಳದ ಬಿಳಿ ನೆಲ, ಗೇಟಿಗೆ ಹೋಗುವ ಮಣ್ಣಿನ ದಾರಿ ಕಂಡರೆ ಮರದ ಕೆಳಗೆ ಮನೆ ಉಂಟು ಅಂತಲೇ ಲೆಕ್ಕ, ಒಂದು ಚುಕ್ಕಿ ಹಾಕಿ ಮುಂದೆ ಹೋಗಿ.

ಊರನ್ನು ಬ್ಲಾಕ್ ಮಾಡಿಕೊಳ್ಳಿ. ರಸ್ತೆ, ತೋಡು, ರೈಲು ಹಳಿ, ಇವು ಸಹಜ ಗಡಿಗಳು. ಪ್ರತಿ ಕಟ್ಟಡಕ್ಕೂ ವಾರ್ಡ್-ಬ್ಲಾಕ್-ಕಟ್ಟಡ ಅಂತ ಒಂದು ತಾತ್ಕಾಲಿಕ ನಂಬರ್, 07-03-041 ಈ ಥರ.

ಫ್ಲ್ಯಾಟ್ ಇರುವ ಕಡೆ ಹುಷಾರು. ಮಂಗಳೂರಿನ ಬಿಜೈ, ಕದ್ರಿಯಂಥ ಕಡೆ ಒಂದು ಕಟ್ಟಡದಲ್ಲಿ 40 ಖಾತೆ ಇರಬಹುದು. ಮ್ಯಾಪಿನಲ್ಲಿ ಗೆರೆ ಒಂದೇ ಇರಲಿ, ಫ್ಲ್ಯಾಟುಗಳಿಗೆ ಬೇರೆ ಟೇಬಲ್ ಮಾಡಿ, ಪ್ರತಿ ಸಾಲಿನಲ್ಲೂ ಕಟ್ಟಡದ ನಂಬರ್ ಹಾಕಿ. ಒಂದರ ಮೇಲೊಂದು 40 ಗೆರೆ ಎಳೆದವರನ್ನು ನೋಡಿದ್ದೇನೆ, ಆ ಪಾಪ ಬೇಡ. ದೇವಸ್ಥಾನ, ಮಸೀದಿ, ಚರ್ಚು, ಸರ್ಕಾರಿ ಶಾಲೆ, ತೆರಿಗೆ ವಿನಾಯಿತಿ ಇರುವವನ್ನೂ ಬಿಡದೆ ಎಳೆಯಿರಿ. ಮ್ಯಾಪಿನಲ್ಲಿ ಖಾಲಿ ಬಿಟ್ಟರೆ ಮುಂದಿನ ವರ್ಷ ಇನ್ಯಾರೋ ಬಂದು ಮತ್ತೆ ಹುಡುಕುತ್ತಾರೆ. ಅದೂ ಅಲ್ಲದೆ ಅದೇ ಆವರಣದ ರಸ್ತೆ ಬದಿಯ ಬಾಡಿಗೆ ಅಂಗಡಿಗಳನ್ನು ಬೇರೆಯಾಗಿ ನೋಡಬೇಕಾಗುತ್ತದೆ.

ಡ್ರೋನ್ ಬೇಕಾ? ದೊಡ್ಡ ಊರಾದರೆ, ದುಡ್ಡಿದ್ದರೆ ಒಳ್ಳೆಯದು. ಆದರೆ ಡ್ರೋನ್ ಕೂಡ ಮರದ ಮೇಲಿಂದಲೇ ನೋಡುವುದು. ಮಂಗಳೂರಿನ ಸುತ್ತಮುತ್ತ ವಿಮಾನ ನಿಲ್ದಾಣ ಇರುವುದರಿಂದ 2021ರ ಡ್ರೋನ್ ನಿಯಮದ ಪ್ರಕಾರ ವಲಯ ನೋಡಿಕೊಂಡು ಅನುಮತಿ ತೆಗೆಯದೆ ಹಾರಿಸುವ ಹಾಗಿಲ್ಲ.

4. ಮನೆ ಮನೆಗೆ

ನವೆಂಬರಿನಿಂದ ಫೆಬ್ರವರಿ ಒಳಗೆ ಮುಗಿಸಿ. ಜೂನ್ ಬಂದರೆ ಫೋನ್ ಒದ್ದೆ, ಹುಡುಗರು ಒದ್ದೆ, ಯಾರೂ ಗೇಟ್ ತೆರೆಯುವುದಿಲ್ಲ. ಏಪ್ರಿಲ್‌ನ ಸೆಕೆಯಲ್ಲಿ ಮಧ್ಯಾಹ್ನ ಸುತ್ತುವುದೂ ಶಿಕ್ಷೆಯೇ.

ಕ್ಯೂಫೀಲ್ಡ್‌ನಲ್ಲಿ ಫಾರ್ಮ್ ಚಿಕ್ಕದಿರಲಿ. ಆಸ್ತಿ ನಂಬರ್, ಡೋರ್ ನಂಬರ್, ಹಳೇ ನಂಬರ್, ಆರ್‌ಆರ್ ನಂಬರ್, ಎಷ್ಟು ಮೀಟರ್, ಎಷ್ಟು ಮಹಡಿ, ಮಾಡು ಯಾವುದು, ಉಪಯೋಗ ಏನು, ಒಂದು ಫೋಟೋ. ಟೈಪ್ ಮಾಡಿಸಬೇಡಿ, ಪಟ್ಟಿಯಿಂದ ಆರಿಸುವ ಹಾಗೆ ಮಾಡಿ. ಟೈಪ್ ಮಾಡಲು ಬಿಟ್ಟರೆ 'ವಾಸ', 'ವಾಸ್ತವ್ಯ', 'ಮನೆ', 'ರೆಸಿ' ಅಂತ ನಾಲ್ಕು ಬಗೆ ಬರುತ್ತದೆ. ಮಾಡಿನ ಪಟ್ಟಿಯಲ್ಲಿ ಹಂಚು, ಆರ್‌ಸಿಸಿ, ಶೀಟ್ ಜೊತೆಗೆ 'ಆರ್‌ಸಿಸಿ ಮೇಲೆ ಶೀಟ್' ಅಂತ ಒಂದು ಸೇರಿಸಿ. ನಮ್ಮ ಮಳೆಗೆ ಟೆರೇಸಿನ ಮೇಲೆ ಶೀಟ್ ಹಾಕದವರು ಯಾರು? ಸೋರದಿರಲಿ ಅಂತ ಹಾಕಿದ ಶೀಟನ್ನು ಇನ್ನೊಂದು ಮಹಡಿ ಅಂತ ಬರೆದರೆ ಜಗಳ ಗ್ಯಾರಂಟಿ.

ಫೋನಿನ ಜಿಪಿಎಸ್ ಬಯಲಲ್ಲಿ 3ರಿಂದ 5 ಮೀಟರ್ ಆಚೀಚೆ. ತೋಟದೊಳಗೆ 10 ಮೀಟರ್ ಮೀರುವುದೂ ಉಂಟು. ಅಂದರೆ ಚುಕ್ಕಿ ಪಕ್ಕದ ಮನೆಗೆ ಹಾರಿರುತ್ತದೆ. ಅದಕ್ಕೇ ಚುಕ್ಕಿ ನಂಬದೆ ಮ್ಯಾಪಿನಲ್ಲಿ ಆ ಕಟ್ಟಡವನ್ನೇ ಬೆರಳಿನಿಂದ ಒತ್ತಿ ಫಾರ್ಮ್ ತೆರೆಯುವ ಅಭ್ಯಾಸ ಮಾಡಿಸಿ.

ಇಬ್ಬಿಬ್ಬರ ತಂಡ. ಒಬ್ಬರಿಗೆ ಫೋನ್ ಗೊತ್ತಿರಲಿ, ಇನ್ನೊಬ್ಬರಿಗೆ ಊರು ಗೊತ್ತಿರಲಿ, ತುಳು ಬರಲಿ. ಸ್ವಸಹಾಯ ಸಂಘದ ಅಕ್ಕಂದಿರು ಇದಕ್ಕೆ ಬಹಳ ಚೆನ್ನಾಗಿ ಆಗುತ್ತಾರೆ, ಗೇಟಿನಲ್ಲೇ ಅರ್ಧ ಸಂಶಯ ಕರಗಿಹೋಗುತ್ತದೆ. ಕಸದ ವಾಹನದ ಹುಡುಗರಿಗೂ ಯಾವ ಮನೆಯ ಹಿಂದೆ ಎಷ್ಟು ಬಾಡಿಗೆದಾರರು ಅಂತ ಪೂರ್ತಿ ಗೊತ್ತು.

ಜನ ಕೇಳುವ ಪ್ರಶ್ನೆ ಎರಡು. "ಅಳತೆ ಮಾಡಿ ಮನೆ ಒಡೀತೀರಾ?" ಮತ್ತು "ತೆರಿಗೆ ಕಟ್ಟಿದರೆ ಜಾಗ ನಮ್ಮದಾಗ್ತದಾ?" ಕುಮ್ಕಿಯಲ್ಲಿ (ಪಟ್ಟಾ ಜಾಗಕ್ಕೆ ತಾಗಿದ ಸರ್ಕಾರಿ ಜಾಗ) ಮನೆ ಕಟ್ಟಿಕೊಂಡವರು, ಸರ್ಕಾರಿ ಜಾಗದ ಮನೆ ಸಕ್ರಮ ಮಾಡಿ ಅಂತ 94ಸಿ ಅರ್ಜಿ ಹಾಕಿ ಕಾಯುವವರು, ನೈನ್-ಇಲೆವೆನ್ (ಪಂಚಾಯಿತಿಯ ಆಸ್ತಿ ದಾಖಲೆಯ ನಮೂನೆ 9 ಮತ್ತು 11) ಆಗದೆ ವರ್ಷಗಟ್ಟಲೆ ಅಲೆದವರು ಇಲ್ಲಿ ಬಹಳ. ಎರಡಕ್ಕೂ ಉತ್ತರ ಇಲ್ಲ ಅಂತಲೇ. ಈ ಸರ್ವೆ ಮನೆ ಒಡೆಯಲು ಅಲ್ಲ, ತೆರಿಗೆ ರಸೀದಿ ಹಕ್ಕುಪತ್ರವೂ ಅಲ್ಲ. ತಂಡದವರು ಬಾಯಿತಪ್ಪಿ ಒಂದು ಆಶ್ವಾಸನೆಯನ್ನೂ ಕೊಡಬಾರದು.

ಮೊದಲ ದಿನ 30 ಮನೆ ಮಾಡಿ ನಿಲ್ಲಿಸಿ. ಸಂಜೆ ಎಲ್ಲರೂ ಕೂತು ಫಾರ್ಮ್ ತಿದ್ದಿ. ಆಮೇಲೆ ಮುಂದುವರಿಯಿರಿ.

5. ಜೋಡಿಸುವುದು

ಇಲ್ಲಿಯವರೆಗೆ ಮಣ್ಣು ಹೊತ್ತದ್ದು, ಇಲ್ಲಿಂದ ಮಜಾ.

ಕ್ಯೂಜಿಐಎಸ್‌ನಲ್ಲಿ ಕಟ್ಟಡದ ಲೇಯರಿನ ಪ್ರಾಪರ್ಟೀಸ್‌ಗೆ ಹೋಗಿ, ಜಾಯಿನ್ಸ್‌ನಲ್ಲಿ ಡಿಸಿಬಿ ಟೇಬಲ್ ಸೇರಿಸಿ, ಎರಡೂ ಕಡೆ ಆಸ್ತಿ ನಂಬರಿನ ಕಾಲಮ್ ಆರಿಸಿ. ಎರಡೂ ಟೆಕ್ಸ್ಟ್ ಆಗಿರಬೇಕು. ಒಂದು ಕಡೆ 0012, ಇನ್ನೊಂದು ಕಡೆ 12 ಆಗಿದ್ದರೆ ಜೋಡಿ ಕೂರುವುದಿಲ್ಲ. ಇಲ್ಲೊಂದು ಗುಂಡಿ ಉಂಟು. ಈ ಜಾಯಿನ್, ಒಂದು ಕಟ್ಟಡಕ್ಕೆ ಹಲವು ಸಾಲು ಸಿಕ್ಕಿದರೆ ಮೊದಲನೆಯದನ್ನು ಮಾತ್ರ ಹಿಡಿಯುತ್ತದೆ. 40 ಫ್ಲ್ಯಾಟಿನ ಕಟ್ಟಡದ ಬಾಕಿ ಅಂತ ಒಂದು ಫ್ಲ್ಯಾಟಿನ ಬಾಕಿ ತೋರಿಸಿ ಸುಮ್ಮನಾಗುತ್ತದೆ. ಮೊದಲೇ ಕಟ್ಟಡವಾರು ಮೊತ್ತ ಕೂಡಿಸಿದ ಒಂದು ಟೇಬಲ್ ಮಾಡಿ, ಅದನ್ನು ಕಟ್ಟಡದ ನಂಬರಿನಿಂದ ಜೋಡಿಸಿ.

ಈಗ ಮೂರು ಗುಂಪು. ಪುಸ್ತಕದಲ್ಲೂ ಉಂಟು, ನೆಲದ ಮೇಲೂ ಉಂಟು: ಹಸಿರು. ನೆಲದ ಮೇಲೆ ಉಂಟು, ಪುಸ್ತಕದಲ್ಲಿ ಇಲ್ಲ: ಕೆಂಪು. ಪುಸ್ತಕದಲ್ಲಿ ಉಂಟು, ನೆಲದ ಮೇಲೆ ಇಲ್ಲ: ಇದು ಮ್ಯಾಪಿನಲ್ಲಿ ಕಾಣುವುದಿಲ್ಲ, ಪಟ್ಟಿಯಾಗಿ ಉಳಿಯುತ್ತದೆ.

ಕೆಂಪು ಕಂಡಕೂಡಲೇ ನೋಟಿಸ್ ಬರೆಯಬೇಡಿ. ಬಹಳಷ್ಟು ಕೆಂಪು ಬರೀ ನಂಬರ್ ಗೊಂದಲ. ಮೊದಲು ಆರ್‌ಆರ್ ನಂಬರಿನಿಂದ ಹುಡುಕಿ, ನೀರಿನ ಕನೆಕ್ಷನ್ನಿನಿಂದ ಹುಡುಕಿ, ಹಳೇ ಡೋರ್ ನಂಬರಿನಿಂದ ಹುಡುಕಿ. ಆಮೇಲೆ ಬಿಲ್ ಕಲೆಕ್ಟರಿಗೆ ತೋರಿಸಿ. ಎಲ್ಲ ಆದ ಮೇಲೂ ಕೆಂಪಾಗಿಯೇ ಉಳಿದದ್ದು ನಿಜವಾದ ಹೊಸ ಮನೆ.

ಮೂರನೆಯ ಪಟ್ಟಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನನಗೆ ಅದೇ ಇಷ್ಟ. ಹೆದ್ದಾರಿ 66ರ ಬದಿಯ ಊರಾದರೆ ನೋಡಿ: ಚತುಷ್ಪಥ ಆಗುವಾಗ ಒಡೆದುಹೋದ ಅಂಗಡಿಗಳಿಗೆ ಪುಸ್ತಕದಲ್ಲಿ ಇನ್ನೂ ವರ್ಷವರ್ಷ ಬೇಡಿಕೆ ಏರುತ್ತಿರಬಹುದು. ಕಟ್ಟುವವರು ಇಲ್ಲ, ಕಟ್ಟಡವೂ ಇಲ್ಲ, ಬಾಕಿ ಮಾತ್ರ ಬೆಳೆಯುತ್ತದೆ. ಸುಳ್ಳು ಬೇಡಿಕೆ ತೆಗೆದರೆ ವಸೂಲಿ ಪ್ರಮಾಣ ತಾನಾಗಿ ಮೇಲೆ ಬರುತ್ತದೆ, ನಿಜವಾದ ಬಾಕಿ ಎಷ್ಟು ಅಂತಲೂ ಗೊತ್ತಾಗುತ್ತದೆ. ತೆಗೆಯುವುದಕ್ಕೆ ಮಹಜರು, ಫೋಟೋ, ಮೇಲಿನವರ ಆದೇಶ ಬೇಕು. ಕಂಪ್ಯೂಟರಿನಲ್ಲಿ ಸುಮ್ನೆ ಡಿಲೀಟ್ ಒತ್ತಿದರೆ ನಾಳೆ ಆಡಿಟ್‌ನಲ್ಲಿ ನೀವೇ ಸಿಕ್ಕಿಬೀಳುತ್ತೀರಿ.

6. ವಿಸ್ತೀರ್ಣದ ಬಲೆ

ಸ್ವಯಂ ಘೋಷಣೆ ಪದ್ಧತಿಯಲ್ಲಿ ಮಾಲೀಕರು ಬರೆದುಕೊಟ್ಟ ಅಳತೆಯೇ ಆಧಾರ. ಮ್ಯಾಪಿನ ವಿಸ್ತೀರ್ಣವನ್ನು ಅದರ ಪಕ್ಕ ಇಟ್ಟು ವ್ಯತ್ಯಾಸ ತೆಗೆಯುವುದು ಸುಲಭ. ಆದರೆ ಕರಾವಳಿಯಲ್ಲಿ ಇದು ಬಲೆ. ನೀವು ಮೇಲಿಂದ ಕಂಡದ್ದು ಮಾಡು, ಗೋಡೆಯಲ್ಲ.

ಲೆಕ್ಕ ನೋಡಿ. ಗೋಡೆಯಿಂದ ಗೋಡೆಗೆ 10 ಮೀಟರ್ ಅಗಲ, 12 ಮೀಟರ್ ಉದ್ದದ ಮನೆ. 120 ಚದರ ಮೀಟರ್, ಸುಮಾರು 1,292 ಚದರಡಿ. ಮಳೆ ಗೋಡೆಗೆ ಹೊಡೆಯಬಾರದು ಅಂತ ನಾಲ್ಕೂ ಕಡೆ ಮಾಡು ಒಂದು ಮೀಟರ್ ಹೊರಗೆ ಬಂದಿದೆ. ಮೇಲಿಂದ 12 ಗುಣಿಸು 14, ಅಂದರೆ 168 ಚದರ ಮೀಟರ್, 1,808 ಚದರಡಿ. ಒಂದಿಂಚೂ ಸುಳ್ಳು ಹೇಳದ ಮನುಷ್ಯನ ಮೇಲೆ ಶೇಕಡಾ 40 ಜಾಸ್ತಿ! ಹೀಗೆ ಮ್ಯಾಪ್ ನೋಡಿಯೇ ನೋಟಿಸ್ ಕೊಟ್ಟರೆ ಊರೆಲ್ಲ ಕಚೇರಿ ಮುಂದೆ ನಿಲ್ಲುತ್ತದೆ, ನಿಲ್ಲಬೇಕಾದದ್ದೇ.

ಹಾಗಾಗಿ ಮಾಡಿನ ವಿಸ್ತೀರ್ಣವನ್ನು ಬರೀ ಜರಡಿಯಾಗಿ ಬಳಸಿ. ಮಹಡಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಘೋಷಿಸಿದ್ದಕ್ಕಿಂತ ಬಹಳ ಜಾಸ್ತಿ ಬರುವ ಕಟ್ಟಡಗಳನ್ನು ಮಾತ್ರ ಆರಿಸಿ, ಟೇಪ್ ಹಿಡಿದು ಹೋಗಿ, ಮಾಲೀಕರ ಎದುರಿಗೇ ಅಳೆಯಿರಿ. ಅದರಲ್ಲೂ ಮೊದಲು ನೋಡಬೇಕಾದದ್ದು ಉಪಯೋಗ. ಪುಸ್ತಕದಲ್ಲಿ ವಾಸದ ಮನೆ, ಮೆಸ್ಕಾಂ ಪಟ್ಟಿಯಲ್ಲಿ ಕಮರ್ಷಿಯಲ್ ಮೀಟರ್, ನಿಮ್ಮದೇ ಕಚೇರಿಯಲ್ಲಿ ಟ್ರೇಡ್ ಲೈಸೆನ್ಸ್. ಮೂರೂ ಒಂದೇ ವಿಳಾಸ. ಇಂಥವು ಪ್ರತಿ ವಾರ್ಡಿನಲ್ಲೂ ಸಿಗುತ್ತವೆ, ಅಳತೆಯ ಜಗಳವೂ ಇಲ್ಲ.

ಮಾರ್ಗಸೂಚಿ ದರದ್ದೂ ಒಂದು ಮಾತು. 2021-22ರಿಂದ ನಗರ ಸ್ಥಳೀಯ ಸಂಸ್ಥೆಗಳ ತೆರಿಗೆ ನೋಂದಣಿ ಇಲಾಖೆಯ ಮಾರ್ಗಸೂಚಿ ದರಕ್ಕೆ ಅಂಟಿಕೊಂಡಿದೆ. ಮುಖ್ಯರಸ್ತೆಗೆ ಒಂದು ದರ, ಒಳರಸ್ತೆಗೆ ಇನ್ನೊಂದು. ದರಪಟ್ಟಿಯಲ್ಲಿರುವ ರಸ್ತೆ, ಪ್ರದೇಶಗಳನ್ನು ಒಂದು ಲೇಯರ್ ಮಾಡಿದರೆ ಯಾರು ತಪ್ಪು ದರ ಹಾಕಿದ್ದಾರೆ ಅಂತ ಒಂದೇ ನೋಟಕ್ಕೆ ಕಾಣುತ್ತದೆ. ಹೆಚ್ಚು ಕಟ್ಟಿದವರೂ ಸಿಗುತ್ತಾರೆ. ಅವರಿಗೂ ಹೇಳಿ. ಆ ಒಂದು ಕೆಲಸದಿಂದ ನಿಮ್ಮ ಮ್ಯಾಪಿನ ಮೇಲೆ ಊರಿಗೆ ಬರುವ ನಂಬಿಕೆ ಹತ್ತು ನೋಟಿಸಿನಿಂದ ಬರುವುದಿಲ್ಲ.

7. ಬಾಕಿಯ ಮ್ಯಾಪ್, ವಸೂಲಿಯ ದಾರಿ

ಬಾಕಿಯನ್ನು ರೂಪಾಯಿ ಲೆಕ್ಕದಲ್ಲಿ ಬಣ್ಣ ಹಾಕಬೇಡಿ, ಎಷ್ಟು ವರ್ಷದ ಬಾಕಿ ಅನ್ನುವ ಲೆಕ್ಕದಲ್ಲಿ ಹಾಕಿ. ಆಗ ಊರು ಮಾತಾಡುತ್ತದೆ. ಈ ಮ್ಯಾಪಿನಲ್ಲಿ ಕೆಂಪು ಅಂದರೆ ಹಳೇ ಬಾಕಿ. ಅಲ್ಲೊಂದು ಇಲ್ಲೊಂದು ಕೆಂಪು ಇದ್ದರೆ ಅದು ಆಯಾ ಮನೆಯ ಕಥೆ. ಇಡೀ ಓಣಿಗೆ ಓಣಿಯೇ ಮೂರು ವರ್ಷದಿಂದ ಕೆಂಪಾಗಿದ್ದರೆ ಅಲ್ಲಿಯ ಜನರೆಲ್ಲ ಒಟ್ಟಿಗೆ ಕೆಟ್ಟವರಾದರು ಅಂತಲ್ಲ, ಆ ಓಣಿಗೆ ಬಿಲ್ ಹೋಗುತ್ತಿಲ್ಲ ಅಂತ. ಹೋಗಿ ಕೇಳಿ. ಹೆಚ್ಚಾಗಿ ಹಳೇ ಬಿಲ್ ಕಲೆಕ್ಟರ್ ನಿವೃತ್ತರಾದ ವರ್ಷದಿಂದಲೇ ಕೆಂಪು ಶುರುವಾಗಿರುತ್ತದೆ.

ಬೀಗ ಹಾಕಿದ ಮನೆಗಳಿಗೆ ಬೇರೆ ಬಣ್ಣ. ಮಾಲೀಕರು ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುತ್ತಾರೆ, ಕಟ್ಟಲು ಮನಸ್ಸೂ ಇರುತ್ತದೆ, ಎಷ್ಟು ಅಂತ ಹೇಳುವವರಿಲ್ಲ. ನೆರೆಯವರಿಂದ ಸಂಪರ್ಕ ಹಿಡಿದು ವಾಟ್ಸ್ಆ್ಯಪ್‌ನಲ್ಲಿ ಬಿಲ್ ಕಳಿಸಿ. ಕುಟುಂಬದ ಮನೆಗಳದ್ದು ಕಷ್ಟ. ಪಾಲಾಗದ ಆಸ್ತಿ, ಹತ್ತಾರು ಹಕ್ಕುದಾರರು, ಖಾತೆ ತೀರಿಹೋದ ಹಿರಿಯರ ಹೆಸರಲ್ಲಿ. ಹಕ್ಕಿನ ವಿಷಯ ಎತ್ತದೆ, ಈ ವರ್ಷದ ತೆರಿಗೆ ಯಾರು ಕಟ್ಟುತ್ತೀರಿ ಅಂತ ಮಾತ್ರ ಕೇಳಿ.

ಕ್ಯಾಲೆಂಡರ್ ಮರೆಯಬೇಡಿ. ಪಟ್ಟಣಗಳಲ್ಲಿ ಏಪ್ರಿಲ್ ಒಳಗೆ ಕಟ್ಟಿದರೆ ಶೇಕಡಾ 5 ರಿಯಾಯಿತಿ, ಜೂನ್ ಕೊನೆಯವರೆಗೆ ದಂಡವಿಲ್ಲ, ಜುಲೈನಿಂದ ತಿಂಗಳಿಗೆ ಶೇಕಡಾ 2 ದಂಡ. 4,000 ರೂಪಾಯಿ ತೆರಿಗೆಯವರು ಏಪ್ರಿಲ್‌ನಲ್ಲಿ 3,800 ಕಟ್ಟಿ ಮುಗಿಸಬಹುದು, ಮುಂದಿನ ಮಾರ್ಚ್‌ವರೆಗೆ ಬಿಟ್ಟರೆ 9 ತಿಂಗಳ ದಂಡ 720 ಸೇರಿ 4,720. ಇದನ್ನು ಬಿಲ್ಲಿನ ಮೇಲೆಯೇ ಅಚ್ಚುಮಾಡಿ. ಮಾರ್ಚ್‌ನಲ್ಲೇ ಬ್ಲಾಕ್‌ವಾರು ದಾರಿ ಹಾಕಿ ಬಿಲ್ ಹಂಚಿದರೆ ಅರ್ಧ ಜನ ರಿಯಾಯಿತಿಗಾಗಿಯಾದರೂ ಬರುತ್ತಾರೆ.

ಬಾಕಿದಾರರ ಹೆಸರಿನ ಮ್ಯಾಪನ್ನು ಮಾತ್ರ ಯಾವ ಗ್ರೂಪಿಗೂ ಹಾಕಬೇಡಿ. ಹೆಸರು, ಫೋನ್ ನಂಬರ್ ಬೇರೆ ಫೈಲಿನಲ್ಲಿ, ಪಾಸ್‌ವರ್ಡಿನ ಒಳಗೆ ಇರಲಿ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಒಂದು ಕಡೆ, ಸಣ್ಣ ಊರಿನ ಮರ್ಯಾದೆ ಇನ್ನೊಂದು ಕಡೆ.

8. ಮ್ಯಾಪ್ ಸಾಯದ ಹಾಗೆ

ನನ್ನ ಒಂದು ಹಳೇ ಸಂಕಟ ಹೇಳುತ್ತೇನೆ. ಒಂದು ಊರಿನಲ್ಲಿ ನಮಗಿಂತ ಮೊದಲೇ ಒಂದು ಏಜೆನ್ಸಿ ಇಡೀ ಸರ್ವೆ ಮಾಡಿತ್ತು. ಖುಷಿಯಿಂದ ಫೈಲ್ ಕೇಳಿದರೆ ಕಪಾಟಿನಿಂದ ಹೊರಬಂದದ್ದು ಲ್ಯಾಮಿನೇಟ್ ಮಾಡಿದ ಆರು ದೊಡ್ಡ ಮ್ಯಾಪ್, ಒಂದು ಪಿಡಿಎಫ್ ಸಿಡಿ. ಡೇಟಾ ಇಲ್ಲ. ಕೇಳಲು ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿಲ್ಲ. ಪುನಃ ಮೊದಲಿಂದ ಶುರುಮಾಡಿದೆವು. ಯಾರಿಂದ ಮಾಡಿಸಿದರೂ ಕರಾರಿನಲ್ಲಿ ಬರೆಸಿ: ಜಿಯೋಪ್ಯಾಕೇಜ್ ಫೈಲ್, ಫೋಟೋಗಳು, ಕಾಲಮ್ಮಿನ ವಿವರ, ಎಲ್ಲವೂ ನಮ್ಮ ಕಂಪ್ಯೂಟರಿನಲ್ಲಿ. ಅದನ್ನು ನಮ್ಮವರೇ ತೆರೆದು ನೋಡಿದ ಮೇಲೆ ಕೊನೆಯ ಕಂತು.

ಆಮೇಲೆ ಒಂದು ದಿನ ಗೊತ್ತುಮಾಡಿ, ಪ್ರತಿ ತಿಂಗಳ 5ನೇ ತಾರೀಕು ಅಂತ ಇಟ್ಟುಕೊಳ್ಳಿ. ಅವತ್ತು ನಾಲ್ಕು ಪಟ್ಟಿ ತರಿಸಿ: ಹೊಸ ಕಟ್ಟಡ ಪರವಾನಗಿ, ಹೊಸ ಮೆಸ್ಕಾಂ ಕನೆಕ್ಷನ್, ಖಾತೆ ಬದಲಾವಣೆ, ಹೊಸ ಟ್ರೇಡ್ ಲೈಸೆನ್ಸ್. ಒಂದೊಂದನ್ನೂ ಮ್ಯಾಪಿನಲ್ಲಿ ಹುಡುಕಿ. ಸಣ್ಣ ಊರಿಗೆ ಅರ್ಧ ದಿನದ ಕೆಲಸ. ಇದನ್ನು ಮಾಡುವ ವ್ಯಕ್ತಿ ಕಂದಾಯ ವಿಭಾಗದವರೇ ಆಗಿರಲಿ. ಕಂಪ್ಯೂಟರ್ ಆಪರೇಟರ್ ಒಬ್ಬರಿಗೇ ಕಲಿಸಿದರೆ ಅವರು ಕೆಲಸ ಬಿಟ್ಟ ದಿನ ಮ್ಯಾಪೂ ಕೆಲಸ ಬಿಡುತ್ತದೆ. ಕನಿಷ್ಠ ಇಬ್ಬರಿಗೆ ಕಲಿಸಿ.

ಫೈಲಿಗೆ ತಾರೀಕು ಹಾಕಿ ಸೇವ್ ಮಾಡಿ. 'ಫೈನಲ್', 'ಫೈನಲ್ ಹೊಸತು', 'ನಿಜವಾದ ಫೈನಲ್' ಅಂತೆಲ್ಲ ಬೇಡ. ಒಂದು ಪ್ರತಿ ಕಚೇರಿಯಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ. ಆ ಡಿಸ್ಕನ್ನು ಕಚೇರಿಯ ಕೆಳಗಿನ ಡ್ರಾಯರಿನಲ್ಲಿ ಇಡಬೇಡಿ, ಜುಲೈಯಲ್ಲಿ ಎಲ್ಲೆಲ್ಲಿ ನೀರು ನುಗ್ಗುತ್ತದೆ ಅಂತ ನಿಮಗೇ ಗೊತ್ತು.